ಕಂಬಳ ನೋಡಲು ಕರಾವಳಿಗೆ ಹೊರಟವರಿಗೆ: ದಿನಾಂಕದಿಂದ ಮಂಜೊಟ್ಟಿಯವರೆಗೆ

ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಂದು, ಬಿಸಿಲಲ್ಲಿ ಮೂರು ಗಂಟೆ ನಿಂತು, ವಾದ್ಯದೊಂದಿಗೆ ಕೋಣಗಳು ಕರೆಗೆ, ಅಂದರೆ ಓಟದ ಕೆಸರುಗದ್ದೆಗೆ, ಇಳಿಯುವುದನ್ನಷ್ಟೇ ನೋಡಿ, "ಓಟ ಯಾವಾಗ ಶುರು?" ಎಂದು ಕೇಳಿ ಕೇಳಿ ಸುಸ್ತಾಗಿ ಮಧ್ಯಾಹ್ನದ ಊಟಕ್ಕೆ ವಾಪಸಾಗುವವರು ಪ್ರತಿ ಕಂಬಳದಲ್ಲೂ ಸಿಗುತ್ತಾರೆ. ಅವರು ಬಂದ ದಿನ ಸರಿಯಾಗಿತ್ತು, ಹೊತ್ತು ತಪ್ಪಿತ್ತು. ಜೋಡುಕರೆ ಕಂಬಳ ಎಂದರೆ ಶನಿವಾರ ಬೆಳಿಗ್ಗೆ ಶುರುವಾಗಿ ರಾತ್ರಿಯಿಡೀ ನಡೆದು ಭಾನುವಾರ ಮುಗಿಯುವ ಪಂದ್ಯ. ಇಡೀ ಪಂದ್ಯ ನೋಡುವವರು ಕೋಣದ ಯಜಮಾನರು, ತೀರ್ಪುಗಾರರು ಮತ್ತು ಕಟ್ಟಾ ಅಭಿಮಾನಿಗಳು ಮಾತ್ರ. ಹೊರಗಿನಿಂದ ಬರುವವರು ಅದರಲ್ಲಿ ಯಾವ ನಾಲ್ಕೈದು ಗಂಟೆ ತಮಗೆ ಬೇಕು ಎಂದು ಮೊದಲೇ ತೀರ್ಮಾನಿಸಬೇಕು. ರೂಮು, ಬಸ್ಸು, ಊಟ, ನಿದ್ದೆ ಎಲ್ಲವೂ ಆ ತೀರ್ಮಾನದ ಹಿಂದೆ ಬರುತ್ತವೆ.

ಹಂತ 1: ಯಾವ ಕಂಬಳ?

ಭತ್ತದ ಕೊಯ್ಲು ಮುಗಿದ ಮೇಲೆ, ನವೆಂಬರಿನಿಂದ ಮಾರ್ಚ್‌ವರೆಗೆ, ಕೆಲವು ವರ್ಷ ಏಪ್ರಿಲ್‌ವರೆಗೂ ಋತು ನಡೆಯುತ್ತದೆ. ಹೆಚ್ಚುಕಡಿಮೆ ಪ್ರತಿ ವಾರಾಂತ್ಯ ಒಂದೊಂದು ಊರಿನಲ್ಲಿ. ಜಿಲ್ಲಾ ಕಂಬಳ ಸಮಿತಿ ಋತುವಿಗೆ ಮೊದಲು ವೇಳಾಪಟ್ಟಿ ಪ್ರಕಟಿಸುತ್ತದೆ, ಪತ್ರಿಕೆಗಳ ಕರಾವಳಿ ಆವೃತ್ತಿಗಳಲ್ಲಿ ಅದು ಅಚ್ಚಾಗುತ್ತದೆ. ಆ ಪಟ್ಟಿ ನೋಡಿ ರೈಲಿನ ಟಿಕೆಟ್ ಮಾಡಿಸಬಹುದು. ಆದರೆ ಹೊರಡುವ ವಾರ ಮತ್ತೊಮ್ಮೆ ವಿಚಾರಿಸಿಕೊಳ್ಳಿ. ಅಕಾಲದ ಮಳೆಗೋ, ಊರಿನ ಜಾತ್ರೆಗೋ, ಚುನಾವಣೆಗೋ ದಿನಾಂಕ ಹಿಂದೆಮುಂದೆ ಆಗುವುದುಂಟು. ಹಳೆಯ ವರ್ಷದ ಪಟ್ಟಿ ವಾಟ್ಸ್ಆ್ಯಪಿನಲ್ಲಿ ಸುತ್ತುತ್ತಲೇ ಇರುತ್ತದೆ, ತಲೆಬರಹದ ಇಸವಿ ನೋಡದೆ ನಂಬಬೇಡಿ.

ಹೆಸರುಗಳ ಗುಟ್ಟು ತಿಳಿದರೆ ಧ್ವನಿವರ್ಧಕದ ಘೋಷಣೆ ಅರ್ಧ ಅರ್ಥವಾದಂತೆ. ಜೋಡುಕರೆ ಎಂದರೆ ಪಕ್ಕಪಕ್ಕದಲ್ಲಿ ಎರಡು ಓಟದ ಗದ್ದೆ. ಒಂದೊಂದಕ್ಕೂ ಒಂದೊಂದು ಹೆಸರು. ಮೂಡುಬಿದಿರೆಯ ಕಡಲಕೆರೆಯಲ್ಲಿ ಮತ್ತು ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದ ದೇವರಮಾರು ಗದ್ದೆಯಲ್ಲಿ ನಡೆಯುವವು ಕೋಟಿ-ಚೆನ್ನಯ ಕಂಬಳಗಳು. ಅಂದರೆ ಒಂದು ಕೋಟಿ ಕರೆ, ಇನ್ನೊಂದು ಚೆನ್ನಯ ಕರೆ. ಕಾರ್ಕಳ ಹತ್ತಿರದ ಮಿಯಾರಿನದು ಲವ-ಕುಶ, ಉಪ್ಪಿನಂಗಡಿಯದು ವಿಜಯ-ವಿಕ್ರಮ, ವೇಣೂರಿನದು ಸೂರ್ಯ-ಚಂದ್ರ, ಐಕಳದ್ದು ಕಾಂತಾಬಾರೆ-ಬೂದಾಬಾರೆ, ಮಂಗಳೂರಿನ ಬಂಗ್ರಕೂಳೂರಿನದು ರಾಮ-ಲಕ್ಷ್ಮಣ, ಜೆಪ್ಪಿನಮೊಗರಿನದು ಜಯ-ವಿಜಯ. ಕಟಪಾಡಿಯವರು ದಿಕ್ಕಿನ ಹೆಸರನ್ನೇ ಇಟ್ಟುಕೊಂಡಿದ್ದಾರೆ: ಮೂಡು-ಪಡು.

ಇದರ ಹೊರಗೆ ಇನ್ನೊಂದು ಬಗೆ ಇದೆ: ಪಂದ್ಯವಿಲ್ಲದ, ದೇವರ ಮತ್ತು ದೈವಗಳ ಹೆಸರಿನಲ್ಲಿ ಒಂದೇ ದಿನ ನಡೆಯುವ ಸಾಂಪ್ರದಾಯಿಕ ಕಂಬಳ. ಉಡುಪಿ ಜಿಲ್ಲೆಯ ವಂಡಾರಿನದು ಅಂಥದ್ದರಲ್ಲಿ ಹೆಸರಾದದ್ದು. ಅಲ್ಲಿ ಗೆಲುವು ಸೋಲು ಇಲ್ಲ, ಹರಕೆ ಮತ್ತು ಕಟ್ಟುಕಟ್ಟಳೆ ಮುಖ್ಯ. ವೇಗದ ಓಟ ನೋಡಬೇಕೆಂದು ಅಲ್ಲಿಗೆ ಹೋದರೆ ನಿರಾಸೆ. ಕಂಬಳದ ಬೇರು ಎಲ್ಲಿದೆ ಎಂದು ನೋಡಬೇಕಿದ್ದರೆ ಮಾತ್ರ ಅದನ್ನೇ ಆರಿಸಿ.

ಮೊದಲ ಸಲ ಬರುವವರಿಗೆ ನಮ್ಮ ಸಲಹೆ ಮೂಡುಬಿದಿರೆ. ಕರೆಯ ಸುತ್ತ ಜಾಗ ವಿಶಾಲ, ಪೇಟೆ ಹತ್ತಿರ, ಹಗಲು ನೋಡುವುದಕ್ಕೆ ಬಸದಿಗಳಿವೆ. ಕುಟುಂಬದೊಂದಿಗೆ ಬಂದು ರಾತ್ರಿ ಹತ್ತಕ್ಕೆಲ್ಲ ರೂಮು ಸೇರಬೇಕೆನ್ನುವವರಿಗೆ ಬಂಗ್ರಕೂಳೂರು ಅಥವಾ ಜೆಪ್ಪಿನಮೊಗರು ಅನುಕೂಲ, ಎರಡೂ ನಗರದ ಅಂಚಿನಲ್ಲೇ ಇವೆ. 2023ರ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನೋಡಿದವರು ಅದೇ ಏರ್ಪಾಟು ಇಲ್ಲಿ ಹುಡುಕಬೇಡಿ. ಇಲ್ಲಿನದು ಊರಿನ ಗದ್ದೆ. ಪಕ್ಕದಲ್ಲಿ ತೋಡು, ತೆಂಗಿನ ತೋಟ, ನಡುವೆ ಹುಣಿಯ (ಗದ್ದೆಯ ಬದುವಿನ) ಮೇಲೆ ನಡೆದು ಬರುವ ಜನ.

ಹಂತ 2: ತಂಗುವ ಊರು, ತಲುಪುವ ದಾರಿ

ಸಾಮಾನ್ಯ ತಪ್ಪು ಎಂದರೆ "ಮಂಗಳೂರು-ಉಡುಪಿ ಹತ್ತಿರವೇ ಅಲ್ಲವಾ" ಎಂದು ಎಲ್ಲಿಯೋ ಒಂದು ಕಡೆ ರೂಮು ಮಾಡುವುದು. ಎರಡರ ನಡುವೆ 55 ರಿಂದ 60 ಕಿಲೋಮೀಟರ್ ಇದೆ. ಕಂಬಳದ ಊರುಗಳಲ್ಲಿ ಹಲವು ಈ ಹೆದ್ದಾರಿಯ ಮೇಲಿಲ್ಲ, ಒಳನಾಡಿನಲ್ಲಿವೆ.

ಪುತ್ತೂರು, ಉಪ್ಪಿನಂಗಡಿ ಕಂಬಳಕ್ಕೆ ಮಂಗಳೂರಿನಲ್ಲಿ ಉಳಿದರೆ ಒಂದೂವರೆ ಗಂಟೆಯ ದಾರಿ. ಪುತ್ತೂರು ಪೇಟೆಯಲ್ಲೇ ರೂಮು ಸಿಕ್ಕಿದರೆ ಇನ್ನೂ ಚೆನ್ನ. ಮೂಡುಬಿದಿರೆ, ವೇಣೂರು, ಮಿಯಾರು ಮೂರಕ್ಕೂ ಮೂಡುಬಿದಿರೆ ಅಥವಾ ಕಾರ್ಕಳವೇ ಸರಿಯಾದ ನೆಲೆ. ಎರಡು ಪೇಟೆಗಳ ನಡುವೆ ಇರುವುದು ಸುಮಾರು 18 ಕಿಲೋಮೀಟರ್. ಆದರೆ ಇಲ್ಲಿ ಲಾಡ್ಜುಗಳ ಸಂಖ್ಯೆ ಕಡಿಮೆ, ಕಂಬಳದ ವಾರ ದೂರದ ಅಭಿಮಾನಿಗಳು ಮೊದಲೇ ಹಿಡಿದಿರುತ್ತಾರೆ. ಒಂದು ತಿಂಗಳು ಮುಂಚೆ ಫೋನು ಮಾಡಿ. ಸಿಗದಿದ್ದರೆ ಮಂಗಳೂರಿನಲ್ಲಿ ಉಳಿದು 35 ಕಿಲೋಮೀಟರ್ ಓಡಾಡುವುದು ಎರಡನೇ ದಾರಿ. ಕಟಪಾಡಿಗೆ ಉಡುಪಿ. ಐಕಳಕ್ಕೆ ಮೂಲ್ಕಿ, ಕಿನ್ನಿಗೋಳಿ ಕಡೆ ಹುಡುಕಿ, ಇಲ್ಲವಾದರೆ ಸುರತ್ಕಲ್.

ರೂಮು ಕಾಯ್ದಿರಿಸುವಾಗ ಎರಡು ಮಾತು ಕೇಳಿ. ನಡುರಾತ್ರಿ ಎರಡು-ಮೂರು ಗಂಟೆಗೆ ಬಂದರೆ ಬಾಗಿಲು ತೆಗೆಯುವವರು ಇರುತ್ತಾರೆಯೇ? ಭಾನುವಾರ ಮಧ್ಯಾಹ್ನದವರೆಗೆ ರೂಮು ಇಟ್ಟುಕೊಳ್ಳಬಹುದೇ? ಎರಡನೆಯದು ಹೆಚ್ಚು ಮುಖ್ಯ. ಬೆಳಗಿನ ಜಾವದವರೆಗೆ ಫೈನಲ್ ನೋಡಿ ಬಂದವರನ್ನು ಹತ್ತು ಗಂಟೆಗೆ ಎಬ್ಬಿಸಿದರೆ ಪ್ರವಾಸದ ಸಿಟ್ಟೆಲ್ಲ ಅಲ್ಲೇ ಹೊರಬರುತ್ತದೆ.

ಕೆಲವು ವಾರಗಳಲ್ಲಿ ರೂಮಿನ ತಾಪತ್ರಯ ಕಂಬಳದಿಂದಲ್ಲ, ಬೇರೆ ಉತ್ಸವಗಳಿಂದ. 2024, 2026ರಂತೆ ಸಮ ಇಸವಿಗಳಲ್ಲಿ ಜನವರಿ 17ರ ರಾತ್ರಿ ಮತ್ತು 18ರಂದು ಉಡುಪಿಯಲ್ಲಿ ಪರ್ಯಾಯ. ಆ ಮೂರು-ನಾಲ್ಕು ದಿನ ಉಡುಪಿ, ಮಣಿಪಾಲದಲ್ಲಿ ಖಾಲಿ ರೂಮು ಹುಡುಕುವುದೇ ಬೇಡ. ಜನವರಿ ಕೊನೆಗೆ ಕಾರ್ಕಳದ ಅತ್ತೂರು ಚರ್ಚಿನ ಹಬ್ಬ. ಕಾರ್ತಿಕದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವ, ಆಗ ಬೆಳ್ತಂಗಡಿ, ಉಜಿರೆ ಕಡೆಯ ದಾರಿ ತುಂಬಿರುತ್ತದೆ.

ರೈಲಿನಲ್ಲಿ ಬರುವವರು ನಿಲ್ದಾಣದ ಹೆಸರು ಎರಡು ಸಲ ಓದಿ. ಮಂಗಳೂರು ಸೆಂಟ್ರಲ್ ಬೇರೆ, ಪಡೀಲ್ ಕಡೆಯ ಮಂಗಳೂರು ಜಂಕ್ಷನ್ ಬೇರೆ. ಬೆಂಗಳೂರು-ಕಾರವಾರ ಪಂಚಗಂಗಾ ರೈಲು ಸೆಂಟ್ರಲ್ಲಿಗೆ ಬರುವುದೇ ಇಲ್ಲ, ಪಡೀಲ್ ಬೈಪಾಸಿನಿಂದ ನೇರ ಸುರತ್ಕಲ್, ಉಡುಪಿ ಕಡೆ ಹೋಗುತ್ತದೆ. ಪುತ್ತೂರಿನ ನಿಲ್ದಾಣದ ಹೆಸರು ಕಬಕ ಪುತ್ತೂರು, ಉಡುಪಿಯದು ಇರುವುದು ಇಂದ್ರಾಳಿಯಲ್ಲಿ. ಮೂಡುಬಿದಿರೆ, ಕಾರ್ಕಳ, ವೇಣೂರಿಗೆ ರೈಲೇ ಇಲ್ಲ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣದಿಂದ ಖಾಸಗಿ ಬಸ್ಸುಗಳು ಹಗಲಿಡೀ ಮೂಡುಬಿದಿರೆ, ಕಾರ್ಕಳಕ್ಕೆ ಓಡುತ್ತವೆ. ಹತ್ತುವಾಗ ಕಂಡಕ್ಟರಿಗೆ "ಕಂಬಳಕ್ಕೆ" ಎಂದು ಹೇಳಿದರೆ ಇಳಿಯುವ ಸ್ಟಾಪು ಅವರೇ ಹೇಳುತ್ತಾರೆ.

ಕೈಕೊಡುವುದು ವಾಪಸಿನ ಬಸ್ಸು. ರಾತ್ರಿ ಎಂಟು-ಒಂಬತ್ತರ ನಂತರ ಒಳನಾಡಿನ ಬಸ್ಸುಗಳು ವಿರಳ. ಆ್ಯಪಿನ ಟ್ಯಾಕ್ಸಿಯನ್ನು ಗದ್ದೆಯ ಅಂಚಿನಲ್ಲಿ ನಿಂತು ಕರೆದರೆ ನಗರದಿಂದ ಯಾರೂ ಬರುವುದಿಲ್ಲ. ಆದ್ದರಿಂದ ಹೋಗುವಾಗಲೇ ರಿಕ್ಷಾ ಅಥವಾ ಟ್ಯಾಕ್ಸಿಯವರೊಡನೆ ಎರಡೂ ಕಡೆಯ ಬಾಡಿಗೆ, ಕಾಯುವ ಗಂಟೆಯ ಲೆಕ್ಕ ಮಾತಾಡಿ, ಫೋನ್ ನಂಬರು ಬರೆದಿಟ್ಟುಕೊಳ್ಳಿ. ಸ್ವಂತ ಕಾರು ಇದ್ದರೆ ಪಾರ್ಕಿಂಗ್ ಗದ್ದೆಯಲ್ಲಿ ಮುಖ ರಸ್ತೆಯ ಕಡೆಗೆ ತಿರುಗಿಸಿ, ಆದಷ್ಟು ಹೊರ ಅಂಚಿನಲ್ಲಿ ನಿಲ್ಲಿಸಿ. ಒಳಗೆ ನಿಲ್ಲಿಸಿದ ಕಾರು ಹೊರಬರಲು ಹಿಂದಿನ ನಾಲ್ಕು ಕಾರಿನವರು ಕಂಬಳ ನೋಡಿ ಬರಬೇಕು.

ಹಂತ 3: ಹೊತ್ತಿನ ಲೆಕ್ಕ

ಇದೇ ಈ ಬರಹದ ತಿರುಳು, ಸ್ವಲ್ಪ ನಿಧಾನವಾಗಿ ಓದಿ.

ದೊಡ್ಡ ಕಂಬಳಕ್ಕೆ 150 ರಿಂದ 250 ಜೊತೆ ಕೋಣಗಳು ಬರುತ್ತವೆ. ಓಟದ ವಿಭಾಗಗಳಲ್ಲಿ ಒಂದು ಸಲಕ್ಕೆ ಎರಡು ಜೊತೆ ಓಡಿ, ಸೋತದ್ದು ಹೊರಗೆ. ಈ ಪದ್ಧತಿಯಲ್ಲಿ ನೂರು ಜೊತೆಗಳಿಂದ ಒಂದು ಉಳಿಯಲು 99 ಓಟ ಬೇಕು. ಒಂದೊಂದು ಓಟ ಮುಗಿಯುವುದು ಹದಿಮೂರು-ಹದಿನಾಲ್ಕು ಸೆಕೆಂಡಿನಲ್ಲಿ. ಆದರೆ ಎರಡೂ ಜೊತೆಯನ್ನು ಗಂತಿಗೆ, ಅಂದರೆ ಓಟ ಶುರುವಾಗುವ ತುದಿಗೆ ತಂದು, ತಿರುಗಿಸಿ, ಸಮ ನಿಲ್ಲಿಸಿ ಬಿಡಲು ನಾಲ್ಕೈದು ನಿಮಿಷ ಹೋಗುತ್ತದೆ. ಒಂದು ಜೊತೆ ಮುಂದೆ ನುಗ್ಗಿತು, ಇನ್ನೊಂದು ಹಿಂದೆ ಸರಿಯಿತು, ಮತ್ತೆ ತಿರುಗಿಸಿ ತಂದರು ಎಂದರೆ ಹತ್ತು ನಿಮಿಷ. 160 ಓಟಕ್ಕೆ ಐದೈದು ನಿಮಿಷ ಹಿಡಿದರೂ 13 ಗಂಟೆ ದಾಟುತ್ತದೆ. ಇದರ ಮೇಲೆ ಉದ್ಘಾಟನೆ, ಸನ್ಮಾನ, ಭಾಷಣ. ರಾತ್ರಿಯಿಡೀ ಯಾಕೆ ನಡೆಯುತ್ತದೆ ಎಂಬುದಕ್ಕೆ ಬೇರೆ ಉತ್ತರ ಬೇಕಿಲ್ಲ.

ಅದರಂತೆ ದಿನ ಹೀಗೆ ಹಂಚಿಕೊಳ್ಳುತ್ತದೆ. ಶನಿವಾರ ಬೆಳಿಗ್ಗೆ ಎಂಟೂವರೆ-ಒಂಬತ್ತರ ಹೊತ್ತಿಗೆ ಪ್ರಾರ್ಥನೆ, ಕರೆಯ ಉದ್ಘಾಟನೆ. ಮಧ್ಯಾಹ್ನದವರೆಗೆ ಯಜಮಾನರು ಕುಟುಂಬ, ಊರವರ ಸಮೇತ ಕೊಂಬು, ಡೋಲಿನ ಜೊತೆ ಕೋಣಗಳನ್ನು ಕರೆಗೆ ಇಳಿಸುತ್ತಾರೆ. ಈ ಮೆರವಣಿಗೆಯೇ ಒಂದು ಸೊಗಸು. ಕೋಣದ ಹಣೆಗೆ ಕಟ್ಟಿದ ಬೆಳ್ಳಿಯ ಅಲಂಕಾರ, ಬಣ್ಣದ ಹಗ್ಗ, ಯಜಮಾನರ ಮುಖದ ಗತ್ತು ಎಲ್ಲ ಹತ್ತಿರದಿಂದ ಕಾಣುವುದು ಈಗಲೇ. ಓಟ ಮಾತ್ರ ಈಗ ಕಾಣುವುದಿಲ್ಲ. ಮಧ್ಯಾಹ್ನದ ನಂತರ ವಿಭಾಗಗಳು ಬಿಸಿಯೇರುತ್ತವೆ. ಸಂಜೆ ನಾಲ್ಕರಿಂದ ರಾತ್ರಿ ಹತ್ತರವರೆಗೆ ಓಟದ ಮೇಲೆ ಓಟ. ನಡುರಾತ್ರಿ ಕಳೆದ ಮೇಲೆ ಸೆಮಿಫೈನಲ್. ಫೈನಲ್‌ಗಳು ಬೆಳಗಿನ ಜಾವದಿಂದ ಭಾನುವಾರ ಹೊತ್ತೇರುವವರೆಗೆ, ಜೊತೆಗಳು ಹೆಚ್ಚಿದ್ದರೆ ಇನ್ನೂ ಮುಂದಕ್ಕೆ.

ಇದರಲ್ಲಿ ನಿಮ್ಮದನ್ನು ಆರಿಸಿ:

- ಮಕ್ಕಳು, ಹಿರಿಯರು ಜೊತೆಗಿದ್ದರೆ ಶನಿವಾರ ಮಧ್ಯಾಹ್ನ ಮೂರಕ್ಕೆ ಬಂದು ಎಂಟಕ್ಕೆ ಹೊರಡಿ. ಹಗಲ ಬೆಳಕೂ ಸಿಗುತ್ತದೆ, ದೀಪದ ಓಟವೂ ಸಿಗುತ್ತದೆ, ವಾಪಸಿಗೆ ಬಸ್ಸೂ ಇರುತ್ತದೆ.
- ನಿಜವಾದ ಪೈಪೋಟಿ ಬೇಕಾದವರು ಶನಿವಾರ ಮಧ್ಯಾಹ್ನ ಉಂಡು ಮಲಗಿ, ರಾತ್ರಿ ಹನ್ನೊಂದಕ್ಕೆ ಬನ್ನಿ. ಸಂಜೆ ನಿದ್ದೆ ಬಾರದಿದ್ದರೂ ಕಣ್ಣು ಮುಚ್ಚಿ ಬಿದ್ದಿರಿ, ನಸುಕಿನ ನಾಲ್ಕಕ್ಕೆ ಅದರ ಬೆಲೆ ತಿಳಿಯುತ್ತದೆ.
- ರಾತ್ರಿ ಎಚ್ಚರ ಇರಲಾಗದವರು ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ಬನ್ನಿ. ಜನ ಕರಗಿರುತ್ತಾರೆ, ಜಾಗ ಧಾರಾಳ, ಉಳಿದಿರುವುದು ಆಯ್ದ ಜೊತೆಗಳು ಮಾತ್ರ. ಈ ಹೊತ್ತನ್ನು ಹೊರಗಿನವರು ಯಾಕೋ ಕಡೆಗಣಿಸುತ್ತಾರೆ.

ಹೊರಡುವ ಮುಂಚೆ ಯೂಟ್ಯೂಬಿನಲ್ಲಿ ಆ ಕಂಬಳದ ನೇರ ಪ್ರಸಾರ ತೆರೆದು ನೋಡಿ. ದೊಡ್ಡ ಕಂಬಳಗಳದ್ದು ಬಹುತೇಕ ಇರುತ್ತದೆ. ಯಾವ ವಿಭಾಗ, ಯಾವ ಸುತ್ತು ನಡೆಯುತ್ತಿದೆ ಎಂದು ಪರದೆಯ ಮೇಲೆ ಬರೆದಿರುತ್ತದೆ. ಎರಡು ಗಂಟೆ ತಡವಾಗಿ ನಡೆಯುತ್ತಿದ್ದರೆ ನೀವೂ ಎರಡು ಗಂಟೆ ತಡವಾಗಿ ಹೊರಡಿ, ಅಷ್ಟೆ.

ಹಂತ 4: ಕಣ್ಣು ಎಲ್ಲಿಡಬೇಕು

ವಿಭಾಗಗಳು ಆರು: ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ. ಹಿರಿಯ-ಕಿರಿಯ ಎಂಬುದು ಓಡಿಸುವವರ ವಯಸ್ಸಲ್ಲ, ಕೋಣಗಳದ್ದು. ಹಲ್ಲು ನೋಡಿ ನಿರ್ಧರಿಸುತ್ತಾರೆ.

ಕನೆಹಲಗೆಯಲ್ಲಿ ವೇಗದ ಲೆಕ್ಕ ಇಲ್ಲ, ಇದನ್ನು ಮೊದಲೇ ತಿಳಿದಿರದಿದ್ದರೆ ಏನು ನಡೆಯುತ್ತಿದೆ ಎಂದೇ ಅರ್ಥವಾಗದು. ಕೋಣಗಳು ಎಳೆಯುವುದು ತೂತುಗಳಿರುವ ದಪ್ಪ ಮರದ ತುಂಡನ್ನು. ಓಟಗಾರ ಅದರ ಮೇಲೆ ಒಂದು ಕಾಲೂರಿ ನಿಲ್ಲುತ್ತಾನೆ. ಓಟದ ರಭಸಕ್ಕೆ ಕೆಸರು ನೀರು ಆ ತೂತುಗಳ ಮೂಲಕ ಮೇಲಕ್ಕೆ ಚಿಮ್ಮಬೇಕು. ಕರೆಗೆ ಅಡ್ಡಲಾಗಿ ಎತ್ತರದಲ್ಲಿ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ, ಆರೂವರೆ ಕೋಲು, ಏಳೂವರೆ ಕೋಲು ಎಂದು ಅದರ ಎತ್ತರದ ಲೆಕ್ಕ. ನೀರು ನಿಶಾನೆಗೆ ತಾಗಿತೇ ಇಲ್ಲವೇ ಎಂಬುದೇ ತೀರ್ಪು. ಆದ್ದರಿಂದ ಕೋಣಗಳನ್ನು ನೋಡಬೇಡಿ, ನಿಶಾನೆ ನೋಡಿ. ಹೊಸಬರು ಕೋಣದ ಹಿಂದೆ ಕಣ್ಣೋಡಿಸುವಷ್ಟರಲ್ಲಿ ನೀರು ತಾಗಿ ಬಿದ್ದಾಗಿರುತ್ತದೆ, ಸುತ್ತಲಿನವರು ಯಾಕೆ ಕೂಗಿದರೆಂದು ತಿಳಿಯುವುದಿಲ್ಲ. ಒಂದೇ ಎತ್ತರ ಮುಟ್ಟಿದ ಜೊತೆಗಳಿಗೆ ಸಮಾನ ಬಹುಮಾನ ಹಂಚುವುದೂ ಉಂಟು. ಓಟಗಾರನ ಕಾಲಿನ ಒತ್ತಡ ತುಸು ಹೆಚ್ಚಾದರೆ ಹಲಗೆ ಕೆಸರಿನಲ್ಲಿ ಕಚ್ಚಿಕೊಂಡು ವೇಗ ಸಾಯುತ್ತದೆ, ಕಡಿಮೆಯಾದರೆ ಹಲಗೆ ಮೇಲಷ್ಟೇ ಜಾರಿ ನೀರು ಬದಿಗೆ ಚೆಲ್ಲುತ್ತದೆ. ಈ ಹದ ಗೊತ್ತಿರುವವರು ಬೆರಳೆಣಿಕೆಯ ಓಟಗಾರರು.

ಅಡ್ಡಹಲಗೆಯಲ್ಲಿ ಓಟಗಾರ ಅಡ್ಡಲಾಗಿರುವ ಹಲಗೆಯ ಮೇಲೆ ನಿಂತು ಸಾಗುತ್ತಾನೆ. ಇಲ್ಲಿಂದ ಮುಂದೆ ಎಲ್ಲವೂ ವೇಗದ ಪಂದ್ಯ. ನೇಗಿಲಿನಲ್ಲಿ ಉಳುವ ನೇಗಿಲಿನ ಹಗುರ ರೂಪವೊಂದನ್ನು ನೊಗಕ್ಕೆ ಕಟ್ಟಿ, ಅದನ್ನು ಹಿಡಿದು ಓಡುವುದು. ಹಗ್ಗದಲ್ಲಿ ನೊಗಕ್ಕೆ ಹಗ್ಗವಷ್ಟೇ. ಓಟಗಾರನಿಗೆ ಆಸರೆ ಕಡಿಮೆ, ಕೋಣಗಳಿಗೆ ಭಾರ ಕಡಿಮೆ, ವೇಗ ವಿಪರೀತ. ಒಂದೇ ವಿಭಾಗ ನೋಡುವಷ್ಟು ಸಮಯವಿದ್ದರೆ ಹಗ್ಗ ಹಿರಿಯ ನೋಡಿ. ಕಿರಿಯ ನೇಗಿಲಿನಲ್ಲಿ ಜೊತೆಗಳು ಅತಿ ಹೆಚ್ಚು, ಅನುಭವ ಕಡಿಮೆ. ಹಾಗಾಗಿ ಗಂತಿನಲ್ಲಿ ತಡವಾಗುವುದೂ ಅಲ್ಲೇ ಹೆಚ್ಚು. ಚಾ ಕುಡಿಯಲು ಹೋಗುವುದಿದ್ದರೆ ಅದರ ಮೊದಲ ಸುತ್ತಿನಲ್ಲಿ ಹೋಗಿಬನ್ನಿ.

ಓಟ ಶುರುವಾಗುವ ತುದಿ ಗಂತು, ಮುಗಿಯುವ ತುದಿ ಮಂಜೊಟ್ಟಿ. ನಡುವೆ 140 ಮೀಟರಿನ ಆಸುಪಾಸು, ಊರಿಂದ ಊರಿಗೆ ವ್ಯತ್ಯಾಸವಿದೆ. ಮಂಜೊಟ್ಟಿಯಲ್ಲಿ ಲೇಸರ್ ಕಿರಣದ ಏರ್ಪಾಟಿದ್ದು ಯಾವ ಕರೆಯ ಜೊತೆ ಮೊದಲು ದಾಟಿತು, ಎಷ್ಟು ಸೆಕೆಂಡು ಎಂಬುದು ಫಲಕದಲ್ಲಿ ಮೂಡುತ್ತದೆ. ಧ್ವನಿವರ್ಧಕದಲ್ಲಿ ತುಳು ಮಾತು. "ಕೋಟಿ ಕರೆಟ್" ಎಂದರೆ ಕೋಟಿ ಕರೆಯಲ್ಲಿ, "ಎರು" ಎಂದರೆ ಕೋಣ. ಜೊತೆಯನ್ನು ಕರೆಯುವುದು ಊರು, ಮನೆ, ಯಜಮಾನರ ಹೆಸರಿನಿಂದ. ಒಬ್ಬರದೇ ಎರಡು ಜೊತೆ ಇದ್ದರೆ 'ಎ', 'ಬಿ' ಎಂದು ಸೇರಿಸುತ್ತಾರೆ. ಗೆದ್ದವರಿಗೆ ಬಂಗಾರ, ಪವನಿನ ಲೆಕ್ಕದಲ್ಲಿ. ಒಂದು ಪವನಿಗೆ ಎಂಟು ಗ್ರಾಂ. ಕೋಣಗಳ ಒಂದು ವರ್ಷದ ಹುರುಳಿ, ಎಣ್ಣೆ, ಆಳುಕಾಳಿನ ಖರ್ಚಿನ ಮುಂದೆ ಆ ಬಂಗಾರ ಏನೂ ಅಲ್ಲ. ಓಡಿಸುವುದು ಮನೆತನದ ಹೆಸರಿಗಾಗಿ.

ಸೆಕೆಂಡಿನ ವಿಷಯ ಬಂದಾಗ ಎಲ್ಲರ ಬಾಯಲ್ಲೂ 2020ರ ಐಕಳ ಬರುತ್ತದೆ. ಶ್ರೀನಿವಾಸ ಗೌಡ ಅಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ದಾಟಿದ್ದು, ಅದನ್ನು ನೂರು ಮೀಟರಿಗೆ ಇಳಿಸಿದರೆ 9.55 ಬರುವುದು, ಉಸೇನ್ ಬೋಲ್ಟ್ ಜೊತೆ ಹೋಲಿಕೆ ನಡೆದದ್ದು ಎಲ್ಲರಿಗೂ ಗೊತ್ತು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಹೋಲಿಕೆ ಕೇಳಲು ಚೆನ್ನ, ಲೆಕ್ಕಕ್ಕೆ ನಿಲ್ಲದು. ಇಲ್ಲಿ ಓಟಗಾರನನ್ನು ಕೋಣಗಳು ಎಳೆಯುತ್ತಿರುತ್ತವೆ, ಹಾಗೆಯೇ ಕಾಲಡಿಯಲ್ಲಿ ಕೆಸರೂ ಇರುತ್ತದೆ. ಎರಡು ಕಂಬಳಗಳ ಸಮಯವನ್ನು ಒಂದಕ್ಕೊಂದು ತೂಗುವುದೂ ಸರಿಯಲ್ಲ. ಕರೆಯ ಉದ್ದ, ಕೆಸರಿನ ಆಳ, ಮರಳಿನ ಪ್ರಮಾಣ ಎಲ್ಲ ಬೇರೆಬೇರೆ.

ಹಂತ 5: ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಲೇಬಾರದು

ಮಂಜೊಟ್ಟಿಯ ನೇರ ಎದುರು ಎಂದೂ ನಿಲ್ಲಬೇಡಿ. ಗೆರೆ ದಾಟಿದ ಕೋಣಗಳಿಗೆ ಪಂದ್ಯ ಮುಗಿಯಿತೆಂದು ತಿಳಿಯುವುದಿಲ್ಲ. ಅದೇ ರಭಸದಲ್ಲಿ ಇಳಿಜಾರು ಏರಿ ಮೇಲೆ ಬರುತ್ತವೆ. ಹಿಡಿಯುವವರು ಅಲ್ಲಿ ಕಾಯುತ್ತಿರುತ್ತಾರೆ, ಆದರೂ ಕೆಲವೊಮ್ಮೆ ಹಗ್ಗ ಕೈತಪ್ಪುತ್ತದೆ. ಓಟಗಾರ ನಡುವೆಯೇ ಬಿದ್ದರಂತೂ ಜೊತೆ ಯಾವ ಕಡೆ ತಿರುಗುತ್ತದೆಂದು ಹೇಳಲಾಗದು. "ಎದುರಿನಿಂದ ಒಂದು ವಿಡಿಯೊ" ಎಂದು ಫೋನು ಹಿಡಿದು ನುಗ್ಗಿ ಬರುವವರಿಂದಲೇ ಸ್ವಯಂಸೇವಕರಿಗೆ ಅತಿ ಹೆಚ್ಚು ತಲೆನೋವು. ಫೋನಿನ ಪರದೆಯಲ್ಲಿ ಕೋಣ ದೂರ ಕಾಣುತ್ತದೆ, ನಿಜಕ್ಕೆ ಅಷ್ಟು ದೂರ ಇರುವುದಿಲ್ಲ.

ಒಳ್ಳೆಯ ಜಾಗ ಎಂದರೆ ಕರೆಯ ಉದ್ದಕ್ಕೂ ಬದಿಯ ದಿಬ್ಬ, ಮಂಜೊಟ್ಟಿಯಿಂದ ಮೂವತ್ತು-ನಲವತ್ತು ಮೀಟರು ಈಚೆಗೆ, ಬೇಲಿಯ ಹಿಂದೆ. ಅಲ್ಲಿ ವೇಗವೂ ಕಾಣುತ್ತದೆ, ಫಲಕವೂ ಕಾಣುತ್ತದೆ. ಬೇಲಿಗೆ ಅಂಟಿ ನಿಂತರೆ ಕೆಸರು ಮುಖಕ್ಕೇ ಬರುತ್ತದೆ, ಎರಡು ಸಾಲು ಹಿಂದೆ ನಿಲ್ಲಿ. ಪ್ರವೇಶ ಸಾಮಾನ್ಯವಾಗಿ ಉಚಿತ, ಕುಳಿತು ನೋಡಲು ಗ್ಯಾಲರಿ ಇರುತ್ತದೆ. ಮಕ್ಕಳಿದ್ದರೆ ಧ್ವನಿವರ್ಧಕದ ಕಂಬದಿಂದ ದೂರ ಕೂರಿಸಿ, ಆ ಸದ್ದು ಮೂರು ಗಂಟೆ ಕೇಳಿದರೆ ದೊಡ್ಡವರಿಗೇ ತಲೆ ಸಿಡಿಯುತ್ತದೆ.

ಗಂತಿನ ಕಡೆ ಹೋಗಿ ಕೋಣ ಬಿಡುವುದನ್ನು ನೋಡಬಹುದು, ಆದರೆ ದೂರದಿಂದ. ಆ ಕ್ಷಣದಲ್ಲಿ ಕೋಣಗಳು ಸೆಟೆದುಕೊಂಡಿರುತ್ತವೆ, ಸುತ್ತಲಿನವರೂ ಅಷ್ಟೇ. ಅಲ್ಲಿ ಯಾರನ್ನೂ ಮಾತಾಡಿಸಬೇಡಿ.

ಕೋಣಗಳನ್ನು ಹತ್ತಿರದಿಂದ ನೋಡುವ ಆಸೆಯಿದ್ದರೆ ಅವನ್ನು ಕಟ್ಟುವ ಬಿಡಾರಗಳಿಗೆ ಹಗಲು ಹೊತ್ತು ಹೋಗಿ. ಓಡಿ ಬಂದ ಕೋಣಗಳಿಗೆ ನೀರು ಹಾಕಿ, ಮೈ ಉಜ್ಜಿ, ಹುರುಳಿ ಬೇಯಿಸಿ ಕೊಡುವುದು ಅಲ್ಲೇ. ನೋಡಿಕೊಳ್ಳುವವರನ್ನು ಕೇಳದೆ ಮುಟ್ಟಬೇಡಿ, ಹಿಂದಿನಿಂದ ಸರಿಯಬೇಡಿ, ಮುಖದೆದುರು ಕೊಡೆ ಬಿಚ್ಚಬೇಡಿ, ಫ್ಲ್ಯಾಶ್ ಹಾಕಬೇಡಿ. "ಇದರ ಬೆಲೆ ಎಷ್ಟು?" ಎಂಬುದು ಮೊದಲ ಪ್ರಶ್ನೆ ಆಗದಿರಲಿ. ಕೋಣದ ಹೆಸರು ಕೇಳಿ, ಯಾವ ಊರಿನದ್ದೆಂದು ಕೇಳಿ. ಮಾತು ತಾನಾಗಿ ಬೆಳೆಯುತ್ತದೆ, ಚಾ ಕೂಡ ಬರಬಹುದು.

ಹೊಡೆಯುವ ವಿಷಯದಲ್ಲಿ ಹೊರಗಿನವರಿಗೆ ಪ್ರಶ್ನೆಗಳಿರುತ್ತವೆ, ಇರಬೇಕಾದದ್ದೇ. 2016ರ ಕೊನೆಗೆ ಹೈಕೋರ್ಟಿನ ತಡೆ ಬಂದು ಕಂಬಳ ನಿಂತಿತ್ತು. 2017ರಲ್ಲಿ ರಾಜ್ಯ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕೋಣಗಳಿಗೆ ಹಿಂಸೆಯಾಗದಂತೆ ನಡೆಸಬೇಕೆಂಬ ಷರತ್ತಿನ ಮೇಲೆಯೇ ಈಗಿನ ಕಂಬಳ ನಿಂತಿದೆ. ಬೆತ್ತ ಬೀಸುವುದನ್ನು ಕಂಡರೆ ಸಂಘಟಕರೇ ಮೈಕಿನಲ್ಲಿ ಎಚ್ಚರಿಸುವುದು ಕೇಳಿಸುತ್ತದೆ. ಎಲ್ಲರೂ ಅದನ್ನು ಪಾಲಿಸುತ್ತಾರೆಯೇ ಎಂಬುದನ್ನು ನಿಮ್ಮ ಕಣ್ಣಿಂದಲೇ ನೋಡಿಕೊಳ್ಳಿ.

ಹಂತ 6: ಫೋಟೊ ತೆಗೆಯುವವರಿಗೆ

70-200 ಮಿಲಿಮೀಟರಿನ ಲೆನ್ಸ್ ಸಾಕು. ಹಗಲು ಶಟರ್ ವೇಗ ಸೆಕೆಂಡಿನ 1600ನೇ ಒಂದು ಭಾಗಕ್ಕಿಂತ ಕಡಿಮೆ ಬೇಡ, ಇಲ್ಲದಿದ್ದರೆ ಚಿಮ್ಮಿದ ನೀರು ಹನಿಯಾಗಿ ನಿಲ್ಲದೆ ಮಸುಕಾದ ಗೆರೆಯಾಗುತ್ತದೆ. ರಾತ್ರಿ ದೀಪದ ಬೆಳಕಿನಲ್ಲಿ 800ನೇ ಒಂದು ಭಾಗ, ಐಎಸ್‌ಒ 3200 ರಿಂದ 6400. ಫೋಕಸನ್ನು ಕೋಣದ ಕಣ್ಣಿಗೆ ಇಟ್ಟು ಹಿಂಬಾಲಿಸಿ. ನೀರಿಗೆ ಇಟ್ಟರೆ ಕ್ಯಾಮೆರಾ ಗಲಿಬಿಲಿಗೊಂಡು ಹಿಂದಿನ ಜನರ ಮೇಲೆ ಹೋಗಿ ನಿಲ್ಲುತ್ತದೆ. ಕನೆಹಲಗೆಗೆ ಮಾತ್ರ ಲೆಕ್ಕ ಬೇರೆ. ನಿಶಾನೆಯ ಹತ್ತಿರ ಬದಿಯಲ್ಲಿ ನಿಂತು, ಚೌಕಟ್ಟಿನ ಮೇಲ್ಭಾಗದಲ್ಲಿ ಬಟ್ಟೆ ಸೇರುವಂತೆ ಉದ್ದುದ್ದ ಹಿಡಿದು ಕಾಯಿರಿ. ಸಂಜೆಯ ಓರೆ ಬಿಸಿಲು ನೀರಿನ ಹಿಂದಿನಿಂದ ಬಂದರೆ ಆ ಚಿತ್ರಕ್ಕೆ ಸಾಟಿಯಿಲ್ಲ. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಹೊದಿಕೆ, ಎರಡು ಹತ್ತಿಯ ಬಟ್ಟೆ ಇರಲಿ. ಕೆಸರು ನೀರಿನಲ್ಲಿ ಮರಳಿದೆ, ಒರೆಸುವ ಮುಂಚೆ ಊದಿ ಕೆಡವಿ, ಇಲ್ಲವಾದರೆ ಲೆನ್ಸಿಗೆ ಗೀರು ಖಂಡಿತ. ಡ್ರೋನ್ ತರಬೇಡಿ. ಅನುಮತಿಯ ಪ್ರಶ್ನೆ ಒಂದು, ಕೋಣ ಬೆದರುವುದು ಇನ್ನೊಂದು.

ಚೀಲ ಮತ್ತು ಹೊಟ್ಟೆ

ಚಳಿಗಾಲ ಎಂಬ ಮಾತು ಇಲ್ಲಿ ಮೋಸ ಮಾಡುತ್ತದೆ. ಡಿಸೆಂಬರ್, ಜನವರಿಯ ಮಧ್ಯಾಹ್ನವೂ 32-33 ಡಿಗ್ರಿ, ಮೈಯೆಲ್ಲ ಬೆವರು. ರಾತ್ರಿ 20ರ ಆಸುಪಾಸು, ಮೂಡುಬಿದಿರೆ-ಕಾರ್ಕಳ ಕಡೆ ನಸುಕಿಗೆ ಮಂಜು ಇಳಿದು ತಲೆ ಒದ್ದೆಯಾಗುತ್ತದೆ. ಹಗಲಿಗೆ ಟೊಪ್ಪಿ, ತೆಳು ಹತ್ತಿಯ ಅಂಗಿ, ರಾತ್ರಿಗೆ ತಲೆಗೆ ಸುತ್ತುವಂಥ ಬೈರಾಸು ಅಥವಾ ಶಾಲು. ಬಿಳಿ ಬಟ್ಟೆ ಯಜಮಾನರಿಗೆ ಬಿಡಿ. ಕಾಲಿಗೆ ಹಿಡಿಪು ಇರುವ ರಬ್ಬರ್ ಚಪ್ಪಲಿ, ಶೂ ಹಾಕಿದರೆ ಕೆಸರು ಒಳಗೆ ಸೇರಿ ದಿನವಿಡೀ ಕಚಪಚ. ಟಾರ್ಚು, ಕುಡಿಯುವ ನೀರು, ಟಿಶ್ಯೂ, ಚಾರ್ಜರ್, ಹುಣಿಯ ಮೇಲೆ ಹಾಸಿ ಕೂರಲು ಒಂದು ಹಳೆ ಪೇಪರು. ಸಾವಿರಾರು ಫೋನುಗಳು ಒಂದೇ ಟವರಿಗೆ ಜೋತು ಬಿದ್ದಾಗ ಯುಪಿಐ ತಿರುಗುತ್ತಲೇ ಇರುತ್ತದೆ, ಆದ್ದರಿಂದ ಸಣ್ಣ ನೋಟುಗಳಲ್ಲಿ ನಗದು ಬೇಕೇ ಬೇಕು. ಶೌಚಾಲಯ ಇರುತ್ತದೆ, ರಾತ್ರಿ ಒಂದರ ನಂತರ ಅದರ ಸ್ಥಿತಿ ಹೇಳುವಂಥದ್ದಲ್ಲ. ಹೊರಡುವ ಮೊದಲು ರೂಮಿನಲ್ಲೇ ಮುಗಿಸಿಕೊಂಡು ಬನ್ನಿ.

ಸಂತೆಯಲ್ಲಿ ಚರುಮುರಿ, ಗೋಳಿಬಜೆ, ಕಬ್ಬಿನ ಹಾಲು, ಐಸ್‌ಕ್ರೀಂ ಸಿಗುತ್ತದೆ, ಹೊಟ್ಟೆ ತುಂಬುವ ಊಟ ಎಲ್ಲ ಕಡೆ ಖಾತ್ರಿಯಿಲ್ಲ. ರಾತ್ರಿ ಕೂರುವವರು ಸಂಜೆ ಪೇಟೆಯಲ್ಲಿ ಕುಚ್ಚಲಕ್ಕಿ ಅನ್ನ ಉಂಡು ಬನ್ನಿ. ಕೋರಿ ರೊಟ್ಟಿ, ಬಂಗುಡೆ ಪುಳಿಮುಂಚಿ ಭಾನುವಾರಕ್ಕೆ ಇಟ್ಟುಕೊಳ್ಳಿ. ಖಾರ, ಹುಳಿ ಉಂಡು ನಿದ್ದೆಗೆಟ್ಟರೆ ಬೆಳಗಾಗುವಾಗ ಎದೆಯುರಿ. ಆದರೆ ಭಾನುವಾರ ಮಧ್ಯಾಹ್ನ ಕೆಲವು ಮೀನಿನ ಹೋಟೆಲುಗಳಿಗೆ ರಜೆ, ಹೋಗುವ ಮುಂಚೆ ಫೋನು ಮಾಡಿ.

ಹಗಲಿನ ಖಾಲಿ ಗಂಟೆಗಳು

ರಾತ್ರಿಯ ಕಂಬಳ ಆರಿಸಿಕೊಂಡವರಿಗೆ ಶನಿವಾರ ಬೆಳಗಿನ ಹೊತ್ತು ಖಾಲಿ. ಮೂಡುಬಿದಿರೆಯಲ್ಲಿದ್ದರೆ 1430ರ ಸಾವಿರ ಕಂಬದ ಬಸದಿ, ಕಾರ್ಕಳದಲ್ಲಿದ್ದರೆ 1432ರ 42 ಅಡಿಯ ಗೊಮ್ಮಟ, ವೇಣೂರಿನಲ್ಲಿದ್ದರೆ 1604ರ 35 ಅಡಿಯ ಗೊಮ್ಮಟ. ಮೂರನ್ನೂ ಒಂದೇ ಬೆಳಿಗ್ಗೆ ಓಡಿ ಮುಗಿಸಬೇಡಿ, ಒಂದು ಸಾಕು. ಕಾರ್ಕಳದ ಬೆಟ್ಟಕ್ಕೆ ಒಂಬತ್ತರೊಳಗೆ ಹತ್ತಿ, ಬರಿಗಾಲಿಗೆ ಬಂಡೆ ಸುಡುವ ಮುಂಚೆ ಇಳಿಯಬೇಕು. ಕಟಪಾಡಿಗೆ ಬಂದವರು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬಹುದು, ಈ ತಿಂಗಳುಗಳಲ್ಲಿ ಸಮುದ್ರ ಶಾಂತ. ದೋಣಿಯ ಸಾಲು ವಾರಾಂತ್ಯದಲ್ಲಿ ಉದ್ದ, ಬೆಳಗಿನ ಮೊದಲ ದೋಣಿಗಳನ್ನೇ ಹಿಡಿಯಿರಿ. ಇದೇ ತಿಂಗಳುಗಳಲ್ಲಿ ಮೇಳಗಳ ಯಕ್ಷಗಾನ ತಿರುಗಾಟವೂ, ದೈವಗಳ ಕೋಲ-ನೇಮಗಳೂ ನಡೆಯುತ್ತವೆ. ಆಸೆಪಟ್ಟು ಶುಕ್ರವಾರ ರಾತ್ರಿ ಯಕ್ಷಗಾನ, ಶನಿವಾರ ರಾತ್ರಿ ಕಂಬಳ ಎಂದು ಹಾಕಿಕೊಂಡರೆ ಎರಡನೆಯದರಲ್ಲಿ ಹುಣಿಯ ಮೇಲೆ ಗೊರಕೆ ಹೊಡೆಯುತ್ತೀರಿ.

ವಾಪಸ್ ಹೊರಡುವಾಗ

ಭಾನುವಾರ ಬೆಳಿಗ್ಗೆ ನೇರ ಕಾರು ಹತ್ತಿ ಶಿರಾಡಿ ಘಾಟಿಗೆ ಹೊರಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ರಾತ್ರಿಯಿಡೀ ಎಚ್ಚರವಿದ್ದವರಿಗೆ ತಿರುವುಗಳ ದಾರಿ, ಎದುರಿಗೆ ಟ್ಯಾಂಕರುಗಳ ಸಾಲು, ಇದು ಒಳ್ಳೆಯ ಜೋಡಿಯಲ್ಲ. ಕನಿಷ್ಠ ನಾಲ್ಕೈದು ಗಂಟೆ ಮಲಗಿ, ಮಧ್ಯಾಹ್ನ ಉಂಡು, ಸಂಜೆಯೊಳಗೆ ಘಾಟಿ ಹತ್ತುವಂತೆ ಹೊರಡಿ. ಸೋಮವಾರ ರಜೆ ಸಿಗುವಂತಿದ್ದರೆ ಭಾನುವಾರ ರಾತ್ರಿಯ ರೈಲೇ ಸುಖ.

ಬಟ್ಟೆಗೆ ಹತ್ತಿದ ಕರೆಯ ಕೆಸರನ್ನು ಒದ್ದೆಯಿರುವಾಗ ಉಜ್ಜಬೇಡಿ, ನೂಲಿನೊಳಗೆ ಇಳಿದುಬಿಡುತ್ತದೆ. ಒಣಗಲು ಬಿಟ್ಟು, ಕೊಡವಿ, ಬ್ರಷ್ಷಿನಿಂದ ಉದುರಿಸಿ, ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ ಆಮೇಲೆ ಸಾಬೂನು ಹಾಕಿ. ವಾಷಿಂಗ್ ಮಷೀನಿಗೆ ಹಾಕುವ ಮುಂಚೆ ಪ್ಯಾಂಟಿನ ಮಡಿಕೆ, ಜೇಬು ತಿರುಗಿಸಿ ನೋಡಿ, ಒಂದು ಹಿಡಿ ಮರಳಾದರೂ ಇರುತ್ತದೆ.